ಹುದ್ದೆ ಇಲ್ಲದ ಕೆಲಸ

ಬೆಳಗಾವಿಯಿಂದ ಯರಗಟ್ಟಿ, ಲೋಕಾಪುರ ಹಾದು ಬಾಗಲಕೋಟೆಗೆ ಹೋಗುವ ರಸ್ತೆಯಲ್ಲಿ ಬೈಲಹೊಂಗಲ ತಾಲ್ಲೂಕಿನ ನೇಸರಗಿ ಇದೆ. ದೇಶನೂರು, ವಣ್ಣೂರು, ಮೇಕಲಮರಡಿ ಕಡೆಯವರು ಔಷಧಕ್ಕೆ ಇಲ್ಲಿಗೇ ಬರುತ್ತಾರೆ. ಇಲ್ಲಿ ಮಾತಾಡುವವರು ಮೂವರು. ಸರ್ಕಾರಿ ದವಾಖಾನೆಗಳಲ್ಲಿ ಫಾರ್ಮಸಿಸ್ಟ್ ಆಗಿದ್ದು ನಿವೃತ್ತರಾಗಿ, ಈಗ ತಮ್ಮನ ಮಗನ ಔಷಧ ಅಂಗಡಿಯಲ್ಲಿ ಕೂಡುವ ಹಿರಿಯರು ಒಬ್ಬರು. ಫಾರ್ಮ್.ಡಿ. (ಡಾಕ್ಟರ್ ಆಫ್ ಫಾರ್ಮಸಿ) ಆರನೇ ವರ್ಷದ ರೆಸಿಡೆನ್ಸಿಯಲ್ಲಿರುವ ಹುಡುಗಿ ಇನ್ನೊಬ್ಬಳು. ಮೂರನೆಯವರು ಅವಳ ತಂದೆ, ಕಬ್ಬು ಬೆಳೆಯುವ ರೈತ.

ತಂದೆ: ನಿಮ್ಮ ಮುಂದ ಒಂದ್ ಮಾತು ಕೇಳಬೇಕಂತ ಬಂದೇವ್ರಿ. ಇಕಿಗೆ ಒಂದು ನೌಕರಿ ಬಂದೈತಿ. ನೌಕರಿ ಅನ್ನಬೇಕೋ ಬ್ಯಾಡೋ ತಿಳೀವಲ್ದು.

ಹುಡುಗಿ: ನೌಕರಿ ಅಲ್ರಿ ಅದು. ಒಬ್ರು ಹೊಸ ಮೆಡಿಕಲ್ ಅಂಗಡಿ ತಗೀತಾರಂತ. ನನ್ನ ರಜಿಸ್ಟ್ರೇಷನ್ ಆದಮ್ಯಾಲ ಸರ್ಟಿಫಿಕೇಟ್ ಕೊಡು, ತಿಂಗಳಾ ರೊಕ್ಕ ಬ್ಯಾಂಕಿಗೆ ಬರ್ತೈತಿ, ನೀ ಅಂಗಡಿಗೆ ಬರೂದೇ ಬ್ಯಾಡ ಅಂದಾರ.

ತಂದೆ: ಹೊಲ ಲಾವಣಿಗೆ ಹಾಕಿದಂಗ ಅಂತ ನಾ ತಿಳಕೊಂಡ್ನಿ. ಹೊಲ ನಂದು, ಉಳವಾಂವ ಬ್ಯಾರೆ. ತಪ್ಪೇನೈತಿ?

ಹಿರಿಯರು: ಹೊಲ ಲಾವಣಿಗೆ ಹಾಕಿದ್ರ ಬೆಳಿ ಯಾರರೆ ಬೆಳೀತಾರ. ಸರ್ಟಿಫಿಕೇಟ್ ಲಾವಣಿಗೆ ಹೋದ್ರ ಮಾಡಬೇಕಾದ ಕೆಲಸ ಯಾರೂ ಮಾಡೂದಿಲ್ಲ. 1945ರ ಔಷಧ ನಿಯಮಗಳೊಳಗ 65ನೇ ನಿಯಮ ಐತಿ. ಡಾಕ್ಟರ ಚೀಟಿ ಮ್ಯಾಲ ಕೊಡೂ ಔಷಧಾನ ನೋಂದಾಯಿತ ಫಾರ್ಮಸಿಸ್ಟ್ ತಾನೇ ಕೊಡಬೇಕು, ಇಲ್ಲಾ ಅವರು ಕುಂತು ನೋಡಾಕತ್ತಾಗ ಕೊಡಬೇಕು. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮೂ ಅದನ್ನೇ ಹೇಳ್ತೈತಿ, ಮುರಿದ್ರ ಅಪರಾಧ. ನಾಳೆ ಮಗಳ ಹೆಸರಿನ ಅಂಗಡ್ಯಾಗ ಒಂದು ಕೂಸಿಗೆ ದೊಡ್ಡವರ ಡೋಸು ಹೋತು ಅಂತ ತಿಳೀರಿ. ಗ್ವಾಡಿ ಮ್ಯಾಲಿನ ಹೆಸರು ಯಾರದು?

ತಂದೆ: ಅಷ್ಟು ನನಗ ಗೊತ್ತಿರಲಿಲ್ರಿ.

ಹುಡುಗಿ: ನನಗ ಗೊತ್ತಿತ್ತು. ಆದ್ರೂ ನನ್ನ ಗೆಳತ್ಯಾರು ಹೇಳೂದು ಬ್ಯಾರೆ. ನೀ ಒಲ್ಲೆ ಅಂದ್ರ ಇನ್ನೊಬ್ಬಾಕಿ ಕೊಡ್ತಾಳ, ನೀ ಒಬ್ಬಾಕಿ ಸುಧಾರಿಸಿ ಏನಾಗೂದೈತಿ ಅಂತಾರ.

ಹಿರಿಯರು: ಕೊಡ್ತಾಳ, ಖರೆ. ಆದ್ರ ಏನಾಗ್ತೈತಿ ನೋಡು. ಅಂಗಡಿ ಒಂದು ಅಂದ್ರ ಫಾರ್ಮಸಿಸ್ಟಿನ ಕುರ್ಚಿ ಒಂದು. ಸರ್ಟಿಫಿಕೇಟ್ ಹೋಗಿ ಗ್ವಾಡಿ ಮ್ಯಾಲ ಕುಂತ್ರ ಕಾಗದದಾಗ ಆ ಕುರ್ಚಿ ತುಂಬಿತು. ನಮ್ಮ ಹುಡುಗೂರು ನೌಕರಿ ಇಲ್ಲ ನೌಕರಿ ಇಲ್ಲ ಅಂತ ಅಳ್ತಾರಲ್ಲ, ಅದರಾಗ ಎಷ್ಟೋ ಕುರ್ಚಿ ಅವರದೇ ಸರ್ಟಿಫಿಕೇಟಿನಿಂದ ತುಂಬ್ಯಾವು. ಈ ಮಾತು ನಾ ಸಿಟ್ಟಿನಿಂದ ಹೇಳಾಕತ್ತಿಲ್ಲ. ಅಂಗಡಿಯವರನ್ನಷ್ಟೇ ಬೈದ್ರೂ ಆಗೂದಿಲ್ಲ. ಅವರ ಲೆಕ್ಕಾನೂ ನೋಡಬೇಕು.

ತಂದೆ: ಅವರದೇನು ಲೆಕ್ಕ? ಔಷಧಾಕ ಯಾರೂ ಚೌಕಾಸಿ ಮಾಡೂದಿಲ್ಲ. ಕೇಳಿದಷ್ಟು ಕೊಟ್ಟು ಬರ್ತೇವಿ.

ಹಿರಿಯರು: ಎಲ್ಲಾರೂ ಹಂಗೇ ತಿಳೀತಾರ. ಸರ್ಕಾರ ಬೆಲಿ ಗೊತ್ತು ಮಾಡಿದ ಔಷಧದ ಮ್ಯಾಲ ಚಿಲ್ಲರೆ ಅಂಗಡಿಗೆ ಸಿಗೂದು 16 ಪರ್ಸೆಂಟ್, 2013ರ ಬೆಲೆ ನಿಯಂತ್ರಣ ಆದೇಶದಾಗ ಬರದೈತಿ. ಉಳಿದ ಔಷಧಕ್ಕ ರೂಢಿ 20ರ ಹತ್ತಿರ. ದಿನಕ್ಕ 5,000 ರೂಪಾಯಿ ವ್ಯಾಪಾರ ಆಗೂ ಒಂದು ಹಳ್ಳಿ ಅಂಗಡಿ ಹಿಡೀರಿ. ಕೈಗೆ ಬಂದದ್ದು ಹೆಚ್ಚಂದ್ರ 1,000. ತಿಂಗಳಿಗೆ ಭಾಳ ಆದ್ರ 30,000. ಅದರಾಗ ಬಾಡಿಗಿ, ಕರೆಂಟು, ತಾರೀಖು ಮುಗಿದು ಹಿಂದ ಹೋಗದ ಮಾಲು, ಉದ್ರಿ. ಈಗ ಆನ್‌ಲೈನಿನವರು, ದೊಡ್ಡ ಚೈನ್ ಅಂಗಡಿಯವರು ಕೊಡೂ ರಿಯಾಯಿತಿ ಈ ಲಾಭದ ಹೊಟ್ಟಿಗೇ ಕೈ ಹಾಕೈತಿ. ಆರು ವರ್ಷ ಓದಿದ ಹುಡುಗಿಗೆ ಮಾನವಂತ ಪಗಾರ ಎಲ್ಲಿಂದ ಕೊಡಬೇಕು ಅಂವ?

ಹುಡುಗಿ: ಅಂದ್ರ ನಾ ಅರ್ಧ ತಾಸು ಕುಂತು ಒಬ್ಬ ಪೇಷಂಟಿಗೆ ತಿಳಿಸಿ ಹೇಳಿದ್ರೂ ಅಂಗಡಿಗೆ ಬರೂದು ಗುಳಗಿ ಪಟ್ಟಿ ಮ್ಯಾಲಿನ ರೊಕ್ಕ ಅಷ್ಟೇ.

ಹಿರಿಯರು: ಅಲ್ಲೇ ಗಂಟು ಇರೂದು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ರೋಗಿಗೆ ತಿಳಿಸಿ ಹೇಳೂದು ನಿಮ್ಮ ಕರ್ತವ್ಯ ಅಂತು. ಅದಕ್ಕ ರೊಕ್ಕ ಯಾರು ಕೊಡಬೇಕು ಅಂತ ಯಾರೂ ಬರೀಲಿಲ್ಲ. ಇಂಗ್ಲೆಂಡಿನಾಗ ಸರ್ಕಾರದ ಆರೋಗ್ಯ ಸೇವೆ ಒಂದೊಂದು ಔಷಧ ಕೊಟ್ಟದ್ದಕ್ಕೂ ಅಂಗಡಿಗೆ ಇಷ್ಟು ಅಂತ ಶುಲ್ಕ ಕೊಡ್ತೈತಿ. ಮಾಲಿನ ಲಾಭ ಬ್ಯಾರೆ, ಫಾರ್ಮಸಿಸ್ಟಿನ ಕೆಲಸದ ಕೂಲಿ ಬ್ಯಾರೆ. ನಮ್ಮಲ್ಲಿ ಎರಡೂ ಒಂದೇ ಡಬ್ಬ್ಯಾಗ ಬಿದ್ದಾವು. ಮಾರೂದು ಹೆಚ್ಚಾದಷ್ಟು ಗಳಿಕೆ ಹೆಚ್ಚು. ಈ ಗುಳಗಿ ನಿಮಗ ಬ್ಯಾಡ ಅಂತ ಹೇಳಿ ಕಳಸೂ ಫಾರ್ಮಸಿಸ್ಟು ಅಂಗಡಿಗೆ ನುಕ್ಸಾನ!

ತಂದೆ: ಅಂಗಡಿ ಬಿಡ್ರಿ. ನನ್ನ ಮಗಳನ್ನ ನಾ ಅಂಗಡ್ಯಾಗ ಕೂಡ್ರಸಾಕ ಓದಸಲಿಲ್ಲ. ಆರು ವರ್ಷರಿ. ಹೆಸರಿನ ಹಿಂದ ಡಾಕ್ಟರ್ ಬರ್ತೈತಿ ಅಂದ್ರು ಸೇರಸೂ ಮುಂದ. ಊರಾಗ ಕೇಳ್ತಾರ, ಯಾವ ಡಾಕ್ಟರ್ ಆಕ್ಕಾಳು ಅಂತ. ನಾ ಏನ್ ಹೇಳ್ಲಿ?

ಹುಡುಗಿ: ಅಪ್ಪಾ, ಸೂಜಿ ಮಾಡೂ ಡಾಕ್ಟರ್ ಅಲ್ಲ ಅಂತ ನಾ ಮೊದಲ ದಿನಾನೇ ಹೇಳೇನಿ. ಐದು ವರ್ಷ ಪಾಠ, ಒಂದು ವರ್ಷ ವಾರ್ಡು. ಅದಕ್ಕೇ ಇಂಟರ್ನ್‌ಶಿಪ್ ಅಥವಾ ರೆಸಿಡೆನ್ಸಿ ಅಂತಾರ. ಆರು ತಿಂಗಳು ಜನರಲ್ ಮೆಡಿಸಿನ್, ಆಮ್ಯಾಲ ಎರಡೆರಡು ತಿಂಗಳು ಬ್ಯಾರೆ ಮೂರು ವಿಭಾಗ. ಡಾಕ್ಟರ ಸಂಗಾಟ ರೌಂಡಿಗೆ ಹೋಗ್ತೇವಿ. ಅವರು ರೋಗ ನೋಡ್ತಾರ, ನಾವು ರೋಗಿ ನುಂಗೂ ಔಷಧ ನೋಡ್ತೇವಿ.

ಹಿರಿಯರು: ಒಂದು ಉದಾಹರಣೆ ಹೇಳು ಅವರಿಗೆ. ಬರೀ ಹೆಸರು ಹೇಳಿದ್ರ ತಿಳಿಯೂದಿಲ್ಲ.

ಹುಡುಗಿ: ರಾಮದುರ್ಗ ಕಡೆ ಒಬ್ಬ ಅಜ್ಜ ಬಂದಿದ್ರು. ಸಕ್ಕರಿ ಕಾಯಿಲೆ, ಬಿಪಿ, ಮೊಣಕಾಲು ನೋವು. ನೀವು ಯಾವ್ಯಾವ ಗುಳಗಿ ತಗೋತೀರಿ ಅಂತ ಕೇಳಿದ್ರ ಕೆಂಪು ಒಂದು, ಬಿಳಿ ಎರಡು ಅಂದ್ರು. ಮರುದಿನ ಅವರ ಮಗನ ಕಡಿಂದ ಮನಿಯಾಗಿನ ಚೀಲಾನೇ ತರಿಸಿ ಹಾಸಿಗಿ ಮ್ಯಾಲ ಸುರುವಿದೆ. ಮೆಟ್‌ಫಾರ್ಮಿನ್ ಎರಡು ಕಂಪನಿಯ ಎರಡು ಹೆಸರಿನಾಗ ಇತ್ತು. ಊರಿನ ಡಾಕ್ಟರು ಒಂದು ಬರದಿದ್ರು, ಪ್ಯಾಟ್ಯಾಗಿನವರು ಇನ್ನೊಂದು. ಅಜ್ಜ ಎರಡೂ ತಪ್ಪದ ತಗೊಂತಿದ್ರು. ಮೊಣಕಾಲಿಗೆ ಡೈಕ್ಲೊಫಿನ್ಯಾಕ್, ಚೀಟಿ ಇಲ್ದ ಅಂಗಡಿಯಿಂದ ತಂದದ್ದು, ಆರು ತಿಂಗಳಿಂದ ದಿನಾ. ರಕ್ತದಾಗ ಕ್ರಿಯಾಟಿನಿನ್ ಏರಿತ್ತು. ದಿನಾ ನುಂಗಿದ ಡೈಕ್ಲೊಫಿನ್ಯಾಕ್ ಕಿಡ್ನಿ ಸೋಲಸಾಕತ್ತಿತ್ತು, ಕಿಡ್ನಿ ಸೋತಾಗ ಎರಡು ಪಟ್ಟು ಮೆಟ್‌ಫಾರ್ಮಿನ್ ಬ್ಯಾರೆ ಅಪಾಯ. ನಾ ಬರದು ಯುನಿಟ್ ಡಾಕ್ಟರಿಗೆ ತೋರಿಸಿದೆ. ಅವರು ಡೈಕ್ಲೊಫಿನ್ಯಾಕ್ ನಿಲ್ಲಿಸಿದ್ರು, ಸಕ್ಕರಿ ಔಷಧ ಬದಲಿ ಮಾಡಿದ್ರು. ಅಜ್ಜ ನಡಕೊಂಡು ಮನಿಗೆ ಹೋದ್ರು.

ತಂದೆ: ಇದು ನನಗ ಹೇಳಿದ್ದಿಲ್ಲಲ್ಲ ನೀ.

ಹುಡುಗಿ: ಇಂಥಾವು ವಾರಕ್ಕ ಒಂದೆರಡು ಸಿಗ್ತಾವ. ಆದ್ರ ಅದರ ಮುಂದಿನ ಮಾತು ಕೇಳ್ರಿ. ರೆಸಿಡೆನ್ಸಿ ಮುಗಿದಮ್ಯಾಲ ಇದೇ ಕೆಲಸಕ್ಕ ತಾಲ್ಲೂಕು ದವಾಖಾನ್ಯಾಗ ಅರ್ಜಿ ಹಾಕೂಣು ಅಂದ್ರ ಅಂಥಾ ಹುದ್ದೆನೇ ಇಲ್ಲ. ಒಂದು ಖಾಸಗಿ ಆಸ್ಪತ್ರ್ಯಾಗ ಕೇಳಿದ್ರ 12 ಸಾವಿರ ಕೊಡ್ತೇವಿ, ಬಿಲ್ಲಿಂಗ್ ಕೌಂಟರಿನಾಗೂ ಕೂಡ್ರಬೇಕು ಅಂದ್ರು. ರೆಸಿಡೆನ್ಸಿಯಾಗಂತೂ ಕೈಗೆ ಏನೂ ಬರೂದಿಲ್ಲ. 2008ರ ಫಾರ್ಮ್.ಡಿ. ನಿಯಮದಾಗ ಒಂದು ವರ್ಷ ದುಡೀಬೇಕು ಅಂತ ಐತಿ, ಸ್ಟೈಪೆಂಡ್ ಎಷ್ಟು ಅಂತ ಇಲ್ಲ.

ಹಿರಿಯರು: ಈ ಕೋರ್ಸಿನ ಹುಟ್ಟಿನಾಗೇ ಆ ತೊಡಕು ಐತಿ. ಫಾರ್ಮ್.ಡಿ. ಮೊದಲ ಹುಟ್ಟಿದ್ದು ಅಮೆರಿಕಾದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಾಗ, 1950ರಲ್ಲಿ. ಅಲ್ಲಿ ದವಾಖಾನಿಯೊಳಗ ಫಾರ್ಮಸಿಸ್ಟಿನ ಕೆಲಸ ಬೆಳಕೋತ ಹೋತು, ಅದರ ಸಂಗಾಟ ಓದೂ ಬೆಳೀತು. ನಾವು 2008ರಾಗ ಓದು ತಂದೇವಿ. ಕಾಲೇಜಿಗೆ 300 ಹಾಸಿಗಿ ದವಾಖಾನಿ ಬೇಕು, ಒಂದು ವರ್ಷಕ್ಕ 30 ಸೀಟು, ಎಲ್ಲಾ ಅಚ್ಚುಕಟ್ಟಾಗಿ ಬರದ್ರು. ಈ ಮಕ್ಕಳು ಹೊರಗ ಬಂದಮ್ಯಾಲ ಯಾವ ಕುರ್ಚಿ ಮ್ಯಾಲ ಕೂಡ್ರಬೇಕು ಅಂತ ರಾಜ್ಯಗಳ ನೇಮಕಾತಿ ನಿಯಮದಾಗ ಒಂದು ಸಾಲು ಸೇರಸಲಿಲ್ಲ. 2021ರಾಗ ಪ್ರಾಕ್ಟೀಸ್ ನಿಯಮಕ್ಕ ತಿದ್ದುಪಡಿ ಮಾಡಿ ಕ್ಲಿನಿಕಲ್ ಫಾರ್ಮಸಿಸ್ಟ್ ಅನ್ನೂ ಹೆಸರು ಕೂಡಿಸಿದ್ರು. ಹೆಸರು ಬಂತು. ಹುದ್ದೆ ಮಂಜೂರು ಮಾಡೂದು, ಪಗಾರ ಕೊಡೂದು ರಾಜ್ಯ ಸರ್ಕಾರ.

ತಂದೆ: ಸರ್ಕಾರಿ ದವಾಖಾನಿಗೆ ಫಾರ್ಮಸಿಸ್ಟ್ ತಗೋತಾರಲ್ರಿ. ನೀವೂ ಅಲ್ಲೇ ಇದ್ದವರು.

ಹಿರಿಯರು: ತಗೋತಾರ. 30,000 ಜನಕ್ಕ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದಕ್ಕ ಒಬ್ಬ ಫಾರ್ಮಸಿಸ್ಟ್ ಅಂತ ಲೆಕ್ಕ. 2023ರಾಗ ನಮ್ಮ ಆರೋಗ್ಯ ಇಲಾಖೆ 400 ಹುದ್ದೆಗೆ ಅರ್ಜಿ ಕರದಿತ್ತು. ಕೇಳಿದ್ದು ಡಿ.ಫಾರ್ಮ್, ಎರಡು ವರ್ಷದ ಡಿಪ್ಲೊಮಾ. ನಾನೂ ಡಿ.ಫಾರ್ಮೇ. ಹೆಚ್ಚು ಓದಿದವರಿಗೆ ಯಾಕ ಕೊಡೂದಿಲ್ಲ ಅಂತ ಬಿ.ಫಾರ್ಮ್ ಹುಡುಗೂರು ಬಿಹಾರದಾಗ ಕೋರ್ಟಿಗೆ ಹೋಗಿದ್ರು. 2025ರಾಗ ಪಟ್ನಾ ಹೈಕೋರ್ಟು ಡಿಪ್ಲೊಮಾನೇ ಕನಿಷ್ಠ ಅರ್ಹತೆ ಅನ್ನೂ ಸರ್ಕಾರದ ನಿಯಮ ಸರಿ ಅಂತು. ಕೇಳಿದ್ರ ಅನ್ಯಾಯ ಅನಸ್ತೈತಿ. ಆದ್ರ ನಾ ಆ ಕುರ್ಚಿ ಮ್ಯಾಲ ಕುಂತು ಬಂದಾಂವ, ನನಗ ಅದು ಪೂರಾ ತಪ್ಪು ಅನಸೂದಿಲ್ಲ. ಡಿಪ್ಲೊಮಾದಾಗ 500 ತಾಸು ಔಷಧ ಕೊಡೂ ಜಾಗಾದಾಗೇ ತರಬೇತಿ ಆಗಿರ್ತೈತಿ. ಡಿಗ್ರಿಯವರನ್ನ ಡಿಪ್ಲೊಮಾದವರ ಕುರ್ಚಿಗೆ ತಳ್ಳಿದ್ರ ಇಬ್ಬರಿಗೂ ಅನ್ಯಾಯ. ಇಕಿಗೆ ಬೇಕಾದದ್ದು ನನ್ನ ಹಳೇ ಕುರ್ಚಿ ಅಲ್ಲ, ಅದರ ಬಾಜೂಕ ಹೊಸಾದೊಂದು.

ಹುಡುಗಿ: ಬೈಲಹೊಂಗಲಕ್ಕ ಒಂದು, ಸವದತ್ತಿಗೆ ಒಂದು, ರಾಮದುರ್ಗಕ್ಕ ಒಂದು, ಕಿತ್ತೂರಿಗೆ ಒಂದು. ತಾಲ್ಲೂಕಿಗೆ ಒಬ್ಬರಾದ್ರೂ ಸಾಕಿತ್ತು.

ಹಿರಿಯರು: ಅಷ್ಟು ಕೇಳೂದು ಹೆಚ್ಚಲ್ಲ. ಆ ಅಜ್ಜ ಡಯಾಲಿಸಿಸ್ಸಿಗೆ ಬಂದಿದ್ರ ಸರ್ಕಾರಕ್ಕ ಎಷ್ಟು ಖರ್ಚು ಬೀಳ್ತಿತ್ತು, ಅವರ ಮನಿಯವರು ವಾರಕ್ಕ ಎಷ್ಟು ಸಲ ರಾಮದುರ್ಗದಿಂದ ಬಸ್ ಹತ್ತಬೇಕಾಗ್ತಿತ್ತು? ಒಬ್ಬರ ಪಗಾರ ಅದರ ಮುಂದ ದೊಡ್ಡದಲ್ಲ.

ತಂದೆ: ಹುದ್ದೆ ಇಲ್ದ ಇಷ್ಟು ಕಾಲೇಜು ಯಾಕ ತಗದ್ರು ಮತ್ತ?

ಹಿರಿಯರು: ತಗೀಬ್ಯಾಡ್ರಿ ಅಂತ ಹೇಳಿದವರೂ ಇದ್ರು. 2019ರ ಜುಲೈನಾಗ ಭಾರತೀಯ ಫಾರ್ಮಸಿ ಪರಿಷತ್ತೇ ಐದು ವರ್ಷ ಹೊಸ ಡಿ.ಫಾರ್ಮ್, ಬಿ.ಫಾರ್ಮ್ ಕಾಲೇಜು ಬ್ಯಾಡ ಅಂತ ಠರಾವು ಮಾಡ್ತು. ಕಾಲೇಜು ಕಟ್ಟಾವ್ರು ಕೋರ್ಟಿಗೆ ಹೋದ್ರು. ನಮ್ಮ ಹಾಸನದ ರಾಜೀವ್ ಫಾರ್ಮಸಿ ಕಾಲೇಜೂ ಅದರಾಗ ಇತ್ತು, ಆ ತೀರ್ಪು ಅದರ ಹೆಸರಿನಿಂದಾನೇ ಐತಿ. ಕರ್ನಾಟಕ, ದೆಹಲಿ, ಛತ್ತೀಸಗಡ ಹೈಕೋರ್ಟುಗಳು ಠರಾವು ರದ್ದು ಮಾಡಿದ್ವು. 2022ರ ಸೆಪ್ಟೆಂಬರ್ 15ಕ್ಕ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಸಂಸ್ಥೆ ಕಟ್ಟೂದು ಮೂಲಭೂತ ಹಕ್ಕು, ಅದನ್ನ ತಡೀಬೇಕಾದ್ರ ಕಾನೂನು ಬೇಕು, ಬರೀ ಠರಾವಿನಿಂದ ಆಗೂದಿಲ್ಲ ಅಂತು.

ಹುಡುಗಿ: ಕಾಯ್ದೆ ಲೆಕ್ಕದಾಗ ತೀರ್ಪು ಸರಿ ಐತ್ರಿ.

ಹಿರಿಯರು: ಸರಿ ಐತಿ. ಕಾಲೇಜು ಕಟ್ಟೂ ಹಕ್ಕು ಉಳೀತು. ಅಲ್ಲಿ ಓದಿ ಬಂದವರ ಗತಿ ಏನು ಅಂತ ಆ ಖಟ್ಲೆಯೊಳಗ ಕೇಳಾವ್ರು ಯಾರೂ ಇದ್ದಿಲ್ಲ.

ಇಲ್ಲಿ ಬರೆಯುವವನೂ ಒಂದು ಮಾತು ಸೇರಿಸಬೇಕು. ಬೆಳಗಾವಿಗೆ ಫಾರ್ಮಸಿ ಹೊಸದಲ್ಲ. ಕೆ.ಎಲ್.ಇ. ಸಂಸ್ಥೆಯ ಫಾರ್ಮಸಿ ಕಾಲೇಜು ಇಲ್ಲಿ 1968ರಲ್ಲೇ ಆರಂಭವಾಯಿತು. ಅದಕ್ಕೂ ಬಹಳ ಹಿಂದೆ, ಮುಂಬೈ ಪ್ರಾಂತ್ಯದ ಕಾಲದಲ್ಲಿ, ಕರುಗಳ ಮೈಮೇಲೆ ಸಿಡುಬಿನ ಲಸಿಕೆ ಬೆಳೆಸಿ ಹೊರಗೆ ಕಳುಹಿಸುತ್ತಿದ್ದ ಸಂಸ್ಥೆ ಟಿಳಕವಾಡಿಯಲ್ಲಿತ್ತು. ಇಂದಿಗೂ ಜನ ಆ ಮೈದಾನವನ್ನು ವ್ಯಾಕ್ಸಿನ್ ಡಿಪೋ ಎಂದೇ ಕರೆಯುತ್ತಾರೆ. ಔಷಧ ಮಾಡುವ, ಔಷಧ ಕಲಿಸುವ ಪರಂಪರೆ ಇರುವ ಜಿಲ್ಲೆ ಇದು. ಹಾಗಿದ್ದೂ ಇಲ್ಲಿನ ಬಿ.ಫಾರ್ಮ್ ಹುಡುಗ ಕೆಲಸಕ್ಕೆ ಚೋರ್ಲಾ ಘಾಟು ಇಳಿಯಬೇಕು. ಗೋವಾದ ವೆರ್ಣಾದಲ್ಲಿ ಸಿಪ್ಲಾ, ಲುಪಿನ್, ಇಂಡೊಕೊ ಕಾರ್ಖಾನೆಗಳಿವೆ, ಕೋಲ್ವಾಳದಲ್ಲಿ ಗ್ಲೆನ್‌ಮಾರ್ಕ್ ಇದೆ. ಹತ್ತಿರದಲ್ಲಿ ಅಷ್ಟಾದರೂ ಇರುವುದು ಸಮಾಧಾನವೇ. ಆದರೆ ಬೆಳಗಾವಿ, ಧಾರವಾಡ ಜಿಲ್ಲೆಗಳು ಓದಿಸಿದ ಮಕ್ಕಳಿಗೆ ಇಲ್ಲಿಯೇ ಒಂದು ದೊಡ್ಡ ಔಷಧ ಉದ್ಯಮ ನೆಲೆಯಾಗಬೇಕೆಂದು ಯಾವ ಚುನಾವಣೆಯಲ್ಲೂ ಗಟ್ಟಿಯಾಗಿ ಕೇಳಿಬಂದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ತಂದೆ: ಹಂಗಾದ್ರ ಇಕಿ ಎಲ್ಲಿ ಹೋಗಬೇಕ್ರಿ? ಬೆಂಗಳೂರು?

ಹುಡುಗಿ: ನನ್ನ ಸೀನಿಯರ್ಸ್ ಭಾಳ ಮಂದಿ ಅಲ್ಲೇ ಅದಾರ. ಫಾರ್ಮಕೊವಿಜಿಲೆನ್ಸ್ ಅಂತ. ಒಂದು ಔಷಧದಿಂದ ಯಾರಿಗರೆ ತೊಂದ್ರಿ ಆದ್ರ ಆ ವರದಿ ಬರೂದು, ಅದನ್ನ ಓದಿ, ತೂಗಿ, ಸರಿಯಾದ ಖಾನೆಗೆ ಹಾಕೂದು. ಕಂಪ್ಯೂಟರ್ ಮುಂದಿನ ಕೆಲಸ, ಪಗಾರ ಅಡ್ಡಿಯಿಲ್ಲ. ಆದ್ರ ಬರೂ ವರದಿ ಹೆಚ್ಚಿನವು ಬ್ಯಾರೆ ದೇಶದವು.

ಹಿರಿಯರು: ಅದನ್ನ ಸಣ್ಣ ಕೆಲಸ ಅಂತ ತಿಳೀಬ್ಯಾಡ. ನಮ್ಮ ದೇಶದ್ದೂ ಐತಲ್ಲ. 2010ರಾಗ ಶುರುವಾದ ಕಾರ್ಯಕ್ರಮ, ಈಗ ಘಾಜಿಯಾಬಾದಿನಿಂದ ನಡೀತೈತಿ. 1800-180-3024ಕ್ಕ ಯಾರು ಬೇಕಾದ್ರೂ ಫೋನ್ ಮಾಡಿ ಔಷಧದಿಂದ ಹಿಂಗಾತು ಅಂತ ಹೇಳಬಹುದು, ಪುಕ್ಕಟೆ. ಆ ನಂಬರು ನಮ್ಮ ಹಳ್ಳ್ಯಾಗ ಎಷ್ಟು ಮಂದಿಗೆ ಗೊತ್ತೈತಿ? ಗುಳಗಿ ತಗೊಂಡು ಮೈಯೆಲ್ಲಾ ಗುಳ್ಳಿ ಎದ್ದ ಹೆಣ್ಮಗಳು ಸುಮ್ಮನ ಗುಳಗಿ ಚೆಲ್ತಾಳ, ಇನ್ನೊಂದು ದವಾಖಾನಿಗೆ ಹೋಗ್ತಾಳ. ಅಲ್ಲಿ ಅದೇ ಔಷಧ ಮತ್ತೊಂದು ಹೆಸರಿನಾಗ ಬರದು ಕೊಡ್ತಾರ.

ತಂದೆ: ಇನ್ಸ್‌ಪೆಕ್ಟರ್ ಪರೀಕ್ಷೆ ಐತಂತಲ್ಲ? ಡ್ರಗ್ ಇನ್ಸ್‌ಪೆಕ್ಟರ್?

ಹಿರಿಯರು: ಐತಿ, ಘನತೆಯ ನೌಕರಿ ಅದು, ಅದಕ್ಕ ಡಿಗ್ರಿಯವರೇ ಬೇಕು. 2024ರ ನವೆಂಬರಿನಾಗ ಬಳ್ಳಾರಿಯೊಳಗ ಹೆರಿಗಿ ಆದ ತಾಯಂದಿರು ತೀರಿಕೊಂಡ್ರಲ್ಲ, ಅವಾಗ ರಿಂಗರ್ ಲ್ಯಾಕ್ಟೇಟ್ ಸಲೈನಿನ ಮ್ಯಾಲ ಸಂಶಯ ಬಂದು ಇಡೀ ರಾಜ್ಯ ಔಷಧ ಪರೀಕ್ಷೆ ಬಗ್ಗೆ ಮಾತಾಡ್ತು. ನಮ್ಮ ರಾಜ್ಯದಾಗ ಸರ್ಕಾರಿ ಔಷಧ ಪರೀಕ್ಷಾ ಲ್ಯಾಬು ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿ ಮೂರೇ ಕಡೆ. ಅಂಗಡಿ, ಗೋದಾಮು, ಕಾರ್ಖಾನೆ ಎಲ್ಲಾ ತಿರುಗಿ ಸ್ಯಾಂಪಲ್ ಎತ್ತಾವ್ರು ಬೇಕು, ಲ್ಯಾಬಿನ್ಯಾಗ ಕುಂತು ನೋಡಾವ್ರು ಬೇಕು. ಬಾಣಂತಿಯರು ಸತ್ತಮ್ಯಾಲ ನೆನಪಾಗೂ ಹುದ್ದೆಗಳು ಅವು. ಅವರು ಸಾಯೂ ಮೊದಲ ತುಂಬಬೇಕಾಗಿದ್ದವು.

ಹುಡುಗಿ: ಆದ್ರ ಅಧಿಸೂಚನೆ ಬಂದಾಗ ಫಾರ್ಮ್.ಡಿ. ಹೆಸರು ಅದರಾಗ ಐತೋ ಇಲ್ಲೋ ಮೊದಲ ನೋಡಬೇಕ್ರಿ. ಫಾರ್ಮಸಿ ಡಿಗ್ರಿ ಅಂತ ಬರೀತಾರ, ಆಮ್ಯಾಲ ಅರ್ಜಿ ಪರಿಶೀಲನೆಯಾಗ ನಮ್ಮದು ಡಿಗ್ರಿ ಹೌದೋ ಅಲ್ಲೋ ಅಂತ ವಾದ ಶುರು ಆಗ್ತಾವ.

ತಂದೆ: ನಮ್ಮ ಬೀಗರ ಹುಡುಗ ಒಬ್ಬ ಅಮೆರಿಕಾದಾಗ ಅದಾನ. ಅಲ್ಲಿ ಫಾರ್ಮಸಿಸ್ಟಿಗೆ ಭಾಳ ಬೆಲಿ ಅಂತಾನ.

ಹುಡುಗಿ: ಬೆಲಿ ಐತ್ರಿ. ದಾರೀನೂ ಐತಿ, ಉದ್ದ. 2003ರ ನಂತರ ಡಿಗ್ರಿ ಪಡದವರು ಐದು ವರ್ಷದ ಕೋರ್ಸ್ ಓದಿರಬೇಕು. ನಾಲ್ಕು ವರ್ಷದ ಬಿ.ಫಾರ್ಮ್ ಅಷ್ಟೇ ಇದ್ರ ಆ ಬಾಗಲ ತೆರೆಯೂದಿಲ್ಲ, ನಮ್ಮ ಫಾರ್ಮ್.ಡಿ.ಗೆ ತೆರೀತೈತಿ. ಮೊದಲ ವಿದೇಶಿ ಪದವೀಧರರ ಪರೀಕ್ಷೆ, ಇಂಗ್ಲಿಷಿನ ಟೋಫೆಲ್, ಆಮ್ಯಾಲ ಒಂದು ರಾಜ್ಯ ಆರಿಸಿಕೊಂಡು ಇಂಟರ್ನ್ ತಾಸು ಮುಗಸೂದು, ಆಮ್ಯಾಲ ಲೈಸನ್ಸಿನ ನ್ಯಾಪ್ಲೆಕ್ಸ್ ಮತ್ತ ಕಾನೂನಿನ ಪರೀಕ್ಷೆ. ಅಲ್ಲಿ ರೆಸಿಡೆನ್ಸಿ ಅಂದ್ರ ಬ್ಯಾರೇನೇ. ಡಿಗ್ರಿ ಆದಮ್ಯಾಲ ದವಾಖಾನ್ಯಾಗ ಪಗಾರದ ಸಂಗಾಟ ಒಂದು ವರ್ಷ, ಬೇಕಾದ್ರ ವಿಶೇಷ ವಿಭಾಗದಾಗ ಇನ್ನೊಂದು ವರ್ಷ. ಅಲ್ಲಿನ ಹುಡುಗೂರಿಗೇ ಎಲ್ಲಾರಿಗೂ ಸೀಟು ಸಿಗೂದಿಲ್ಲ.

ಹಿರಿಯರು: ವೀಸಾದ್ದು ಹೇಳು.

ಹುಡುಗಿ: 2025ರ ಸೆಪ್ಟೆಂಬರಿನಾಗ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಅಲ್ಲಿನ ಅಧ್ಯಕ್ಷರು ಘೋಷಣಾ ಮಾಡಿದ್ರು. ಒಂದು ವರ್ಷದ ರೆಸಿಡೆಂಟಿಗೆ ಅಷ್ಟು ಯಾವ ದವಾಖಾನಿ ಕಟ್ತೈತಿ? ಗಲ್ಫಿನಾಗ ಪರೀಕ್ಷೆ ಪಾಸಾಗಿ, ಎರಡು ವರ್ಷದ ಅನುಭವ ತೋರಿಸಿದ್ರ ಅಂಗಡಿ ಕೆಲಸ ಸಿಗ್ತೈತಿ. ಕೆನಡಾ, ಇಂಗ್ಲೆಂಡಿಗೂ ಅವರವರ ಪರೀಕ್ಷೆ ಅದಾವ. ನನಗ ಹೋಗಬಾರದು ಅಂತಿಲ್ರಿ. ಆದ್ರ ನನ್ನ ಓದಿಗೆ ಬೆಲಿ ಸಿಗಬೇಕಾದ್ರ ಸಮುದ್ರ ದಾಟಲೇಬೇಕು ಅನ್ನೂದನ್ನ ಒಪ್ಪಾಕ ಮನಸ್ಸಾಗವಲ್ದು.

ತಂದೆ: ಮತ್ತ ಊರಾಗ ಏನೈತವ್ವಾ?

ಹಿರಿಯರು: ಊರಾಗ ಏನೈತಿ ಅಂತ ನಾ ಹೇಳ್ತೇನಿ ಕೇಳ್ರಿ. ಟಿಬಿಗೆ ಆರು ತಿಂಗಳ ಔಷಧ. ಅದರಾಗ ರಿಫಾಂಪಿಸಿನ್ ಅಂತ ಒಂದು ಐತಿ, ತಗೊಂಡ ದಿನಾನೇ ಉಚ್ಚಿ ಕೇಸರಿ ಬಣ್ಣಕ್ಕ ತಿರುಗ್ತೈತಿ. ಮೊದಲ ಹೇಳದಿದ್ರ ಮನುಷ್ಯಾ ರಕ್ತ ಹೊಂಟೈತಿ ಅಂತ ಅಂಜಿ ಗುಳಗಿ ಬಿಡ್ತಾನ. ನಡುವ ಬಿಟ್ಟ ಟಿಬಿ ಔಷಧಕ್ಕ ಬಗ್ಗದ ಟಿಬಿ ಆಗ್ತೈತಿ, ಮನಿಮಂದಿಗೆಲ್ಲಾ ಹಬ್ಬತೈತಿ. ಅದೇ ರಿಫಾಂಪಿಸಿನ್ ಗರ್ಭ ತಡಿಯೂ ಗುಳಗಿಯ ಬಲಾ ಕಳೀತೈತಿ. ಹೊಸದಾಗಿ ಮದುವಿ ಆದ ಹೆಣ್ಮಕ್ಕಳಿಗೆ ಇದನ್ನ ಕುಂತು, ಬಾಗಲ ಮುಚ್ಚಿ ಹೇಳಾವ್ರು ಬೇಕು. ಹೆಣ್ಮಗಳೇ ಹೇಳಿದ್ರ ಛಲೋ.

ಹುಡುಗಿ: ಇನ್ಸುಲಿನ್ ಸಹಿತ. ಫ್ರಿಜ್ ಇಲ್ಲದ ಮನ್ಯಾಗ ಬ್ಯಾಸಗಿ ದಿನ ಕಪಾಟಿನ್ಯಾಗ ಇಡ್ತಾರ, ಬಲಾ ಹೋಗಿರ್ತೈತಿ. ಸಕ್ಕರಿ ಇಳೀಲಿಲ್ಲ ಅಂತ ಡಾಕ್ಟರು ಡೋಸ್ ಏರಸ್ತಾರ. ನೀರಿನ ಗಡಿಗಿ ಒಳಗ ಮುಚ್ಚಿದ ಡಬ್ಬಿ ಇಟ್ರ ತಂಪಿರ್ತೈತಿ ಅಂತ ಒಂದ ಮಾತು ಹೇಳಿದ್ರ ಸಾಕು. ಫ್ರಿಜ್ ಇದ್ದವರು ಫ್ರೀಜರಿನ್ಯಾಗ ಇಟ್ಟು ಹೆಪ್ಪುಗಟ್ಟಿಸಿ ಕೆಡಿಸ್ತಾರ, ಅದೂ ಆಗ್ತೈತಿ.

ಹಿರಿಯರು: ಇನ್ನ ಆಂಟಿಬಯೋಟಿಕ್. ಔಷಧ ನಿಯಮಗಳ ಎಚ್-1 ಪಟ್ಟಿಯ ಔಷಧ ಕೊಟ್ರ ರೋಗಿ, ಡಾಕ್ಟರ ಹೆಸರು ವಹಿಯೊಳಗ ಬರೀಬೇಕು, ಆ ವಹಿ ಮೂರು ವರ್ಷ ಇಡಬೇಕು. 2014ರಿಂದ ಜಾರಿ ಐತಿ. ನಮ್ಮ ಅಂಗಡ್ಯಾಗ ಇಟ್ಟೇವಿ. ಅದನ್ನ ತಿಂಗಳಿಗೊಮ್ಮೆ ತಗದು ಓದಿ, ಯಾವ ಊರಿಗೆ ಯಾವ ಔಷಧ ಹೆಚ್ಚು ಹೊಂಟೈತಿ, ಯಾಕ ಹೊಂಟೈತಿ ಅಂತ ನೋಡೂದು ನನ್ನ ವಿದ್ಯಾಕ ಮೀರಿದ್ದು. ಇಕಿ ಮಾಡಬಲ್ಲಳು. ನೋಡ್ರಿ, ಕೆಲಸ ಇಲ್ಲ ಅನ್ನೂ ಮಾತು ನಾ ಒಪ್ಪೂದಿಲ್ಲ. ಬೇಕಾದಷ್ಟು ಕೆಲಸ ನಮ್ಮ ಹೋಬಳ್ಯಾಗೇ ಬಿದ್ದೈತಿ. ಅದಕ್ಕ ಹುದ್ದೆ ಇಲ್ಲ, ಪಗಾರ ಇಲ್ಲ. ಅದನ್ನ ಕೇಳಬೇಕು. ಹುಡುಗೂರು ಅಷ್ಟೇ ಕೇಳಿದ್ರ ಸಾಲದು, ರೋಗಿಗಳ ಮನಿಯವರು ಕೇಳಬೇಕು.

ತಂದೆ: ಜನೌಷಧಿ ಅಂಗಡಿ ಹಾಕಿದ್ರ ಹೆಂಗ? ಕಡಿಮಿ ರೊಕ್ಕಕ್ಕ ಔಷಧ, ಪುಣ್ಯಾನೂ ಬರ್ತೈತಿ.

ಹಿರಿಯರು: ವಿಚಾರ ಮಾಡೂ ಮಾತೇ. 2008ರಿಂದ ನಡದ ಯೋಜನೆ. ಫಾರ್ಮಸಿ ಓದಿದವರು ತಾವೇ ಹಾಕಬಹುದು, 20 ಪರ್ಸೆಂಟ್ ಲಾಭ. ಆದ್ರ ಗುಳಗಿನೇ ಅಗ್ಗ ಅಂದಮ್ಯಾಲ 20 ಪರ್ಸೆಂಟ್ ಅಂದ್ರ ಎಷ್ಟಾತು? ಗಿರಾಕಿ ಭಾಳ ಬರಬೇಕು. ಸರ್ಕಾರಿ ಆಸ್ಪತ್ರೆ ಆವರಣದಾಗ ಇದ್ದವನ್ನ ಮುಚ್ಚಬೇಕು ಅಂತ 2025ರ ಮೇ ತಿಂಗಳದಾಗ ನಮ್ಮ ರಾಜ್ಯ ಸರ್ಕಾರ ಆದೇಶ ಮಾಡಿದ್ದಕ್ಕ ಎಷ್ಟೋ ಮಂದಿ ಹೈಕೋರ್ಟಿಗೆ ಹೋಗಬೇಕಾತು. ಹಾಕೂದಾದ್ರ ಸ್ವಂತ ಜಾಗಾದಾಗ ಹಾಕ್ರಿ. ಕನಿಷ್ಠ 120 ಚದರ ಅಡಿ ಬೇಕು. ಮಾಲಕಿನೇ ಫಾರ್ಮಸಿಸ್ಟ್ ಆದ್ರ ಪಗಾರದ ಲೆಕ್ಕಾನೇ ಬ್ಯಾರೆ ಆಗ್ತೈತಿ. ಸಣ್ಣ ಅಂಗಡಿ ಪ್ರಾಮಾಣಿಕ ಆಗಿ ಬದುಕೂದು ಆ ಒಂದು ದಾರ್ಯಾಗ ಅಂತ ನನ್ನ ನಂಬಿಗಿ.

ಹುಡುಗಿ: ಮೊದಲ ಎರಡು ವರ್ಷ ದೊಡ್ಡ ಆಸ್ಪತ್ರ್ಯಾಗ ಇರಬೇಕಂತ ನನ್ನ ವಿಚಾರ. ಆಸ್ಪತ್ರೆಗಳ ಗುಣಮಟ್ಟ ನೋಡೂ ಎನ್‌ಎಬಿಎಚ್ ಮಾನ್ಯತೆ ಬೇಕಂದ್ರ ಔಷಧ ನಿರ್ವಹಣೆಗೆ ಕಟ್ಟುನಿಟ್ಟು ಮಾನದಂಡ ಅದಾವ. ಅದಕ್ಕ ಬೆಳಗಾವಿ, ಹುಬ್ಬಳ್ಳಿ ಕಡೆ ಕ್ಲಿನಿಕಲ್ ಫಾರ್ಮಸಿಸ್ಟರನ್ನ ಕೇಳೂ ಆಸ್ಪತ್ರೆ ನಿಧಾನ ಬೆಳೆಯಾಕತ್ತಾವ. ಪಗಾರ ಕಡಿಮಿ ಇದ್ರೂ ಕೈ ಪಳಗ್ತೈತಿ. ನಾ ತಡದ ತಪ್ಪು, ಉಳಿಸಿದ ರೊಕ್ಕ ಎಲ್ಲಾ ಬರದಿಟ್ಟರ ನಾಳೆ ತಾಲ್ಲೂಕಿಗೊಂದು ಹುದ್ದೆ ಬೇಕು ಅಂತ ಕೇಳಾಕ ಆಧಾರ ಆಗ್ತೈತಿ.

ಹಿರಿಯರು: ಹೋಗು. ಆದ್ರ ರವಿವಾರ ಊರಿಗೆ ಬರ್ತೀಯಲ್ಲ. ರಜಿಸ್ಟ್ರೇಷನ್ ಆದಮ್ಯಾಲ ಸಂಜಿ ನಾಲ್ಕು ತಾಸು ಈ ಅಂಗಡ್ಯಾಗ ಕೂಡ್ರು. ಸಕ್ಕರಿಯವರು, ಟಿಬಿಯವರು, ಅಸ್ತಮಾದವರು ಚೀಲ ತಂದು ತೋರಸಲಿ. ಲೈಸನ್ಸಿನ ಮ್ಯಾಲ ನನ್ನ ಹೆಸರೈತಿ, ನಾನೇ ಕೂಡ್ತೇನಿ. ನಿನ್ನ ಹೆಸರು ಬ್ಯಾಡ, ನೀ ಬೇಕು.

ಹುಡುಗಿ: ಪಗಾರ ಎಷ್ಟ ಕೊಡ್ತೀರಿ?

ತಂದೆ: ಏ, ಹಿರಿಯಾರಿಗೆ ಹಂಗ ಕೇಳ್ತಾರೇನ?

ಹಿರಿಯರು: ಕೇಳಲಿ ಬಿಡ್ರಿ. ಪುಕ್ಕಟೆ ಮಾಡಿಸಿಕೊಂಡ್ರ ನಾನೂ ಎಲ್ಲಾರಂಗೇ ಆದ್ನಿ. ಹುಡುಗಾ ಲೆಕ್ಕದ ವಹಿ ತರಲಿ, ರವಿವಾರದ ವ್ಯಾಪಾರ ಎಷ್ಟೈತಿ ನೋಡೂಣು, ಅದರಾಗ ನಿನಗ ಎಷ್ಟು ಕೊಡಾಕ ಆಗ್ತೈತಿ ನಿನ್ನ ಮುಂದೇ ಹೇಳ್ತೇನಿ.

ಹುಡುಗಿ: ಒಂದು ಕುರ್ಚಿ, ಒಂದು ಟೇಬಲ್ಲು ಕೌಂಟರಿನಿಂದ ದೂರ ಹಾಕಬೇಕು. ಬಂದವರು ಏನೂ ಖರೀದಿ ಮಾಡದ ಹೋದ್ರೂ ನಡೀಬೇಕು. ಇದು ಬ್ಯಾಡ ಅಂತ ನಾ ಹೇಳಿದ್ರ ನಿಮ್ಮ ಹುಡುಗಾ ಸಿಟ್ಟಾಗಬಾರದು.

ಹಿರಿಯರು: ಅಂವಗ ನಾ ಹೇಳ್ತೇನಿ.

ತಂದೆ: ವಹಿ ತರಸ್ರಿ ಹಂಗಾದ್ರ. ನಾನೂ ನೋಡ್ತೇನಿ.